ಭೂಮಿ ಪಹಣಿ ಸೇವೆ: ಪ್ರತಿಗೆ ಹತ್ತಕ್ಕೆ ಒಂಬತ್ತು ಅಂಕ, ತಿದ್ದುಪಡಿಗೆ ಮೂರು

ಜಮೀನಿನ ವಿಸ್ತೀರ್ಣ, ಮಾಲೀಕರ ಹೆಸರು ಬರೆದಿರುವ ಪಹಣಿಯ ಪ್ರತಿ ಬೇಕೆಂದರೆ, ಕರ್ನಾಟಕ ಕಂದಾಯ ಇಲಾಖೆಯ ಗಣಕೀಕೃತ ಭೂದಾಖಲೆ ವ್ಯವಸ್ಥೆ ‘ಭೂಮಿ’ಯಷ್ಟು ಸಲೀಸಾದ ಸರ್ಕಾರಿ ಸೇವೆ ಅಪರೂಪ. ಪಹಣಿಯಲ್ಲಿರುವ ತಪ್ಪು ಸರಿಯಾಗಬೇಕೆಂದರೆ ಅದೇ ಸೇವೆ ಚಪ್ಪಲಿ ಸವೆಸುತ್ತದೆ. ಇಲಾಖೆ ಒಂದೇ, ತಂತ್ರಾಂಶ ಒಂದೇ, ಹಾಳೆಯೂ ಒಂದೇ. ಆದರೂ ಇಷ್ಟು ಅಜಗಜಾಂತರ ಯಾಕೆ ಎಂಬುದಕ್ಕೆ ಉತ್ತರ ಕಂಪ್ಯೂಟರಿನಲ್ಲಿ ಸಿಗುವುದಿಲ್ಲ. ಕಚೇರಿ ಬದಲಾಗುವ ಬಗೆ ಬೇರೆ, ಊರು-ಮನೆ ಬದಲಾಗುವ ಬಗೆ ಬೇರೆ. ಭೂಮಿ ಮೊದಲನೆಯದನ್ನು ಗೆದ್ದಿದೆ, ಎರಡನೆಯದರ ಬಾಗಿಲಲ್ಲಿ ಕಾದು ನಿಂತಿದೆ. ಹಾಗಾಗಿ ಸೇವೆಯ ಗುಣದೋಷ ಹೇಳುವಾಗ ಸಾಮಾಜಿಕ ಪರಿವರ್ತನೆಯ ಸಿದ್ಧಾಂತಗಳನ್ನೂ ಎಳೆದು ತಂದಿದ್ದೇವೆ. ಪರೀಕ್ಷೆಗೆ ಓದುವವರಿಗೂ ಖಾತೆ ಮಾಡಿಸಲು ಓಡಾಡುವವರಿಗೂ ಬಳಕೆಗೆ ಬರಲಿ.

ಶಾನುಭೋಗರಿಂದ ಕಿಯಾಸ್ಕ್‌ವರೆಗೆ

ಹಳ್ಳಿಯ ಜಮೀನಿನ ಲೆಕ್ಕ ಬರೆಯುವುದು ಒಂದು ಕಾಲದಲ್ಲಿ ಶಾನುಭೋಗರ ಮನೆತನದ ಹಕ್ಕು. ಗ್ರಾಮಾಧಿಕಾರಗಳ ರದ್ದತಿಗೆ 1961ರಲ್ಲಿ ಕಾಯ್ದೆ ಬಂತು, 1963ರಲ್ಲಿ ಅದು ಜಾರಿಯಾಯಿತು. ಪಟೇಲರ, ಶಾನುಭೋಗರ ವಂಶಪಾರಂಪರ್ಯ ಅಲ್ಲಿಗೆ ಮುಗಿದು ಸಂಬಳದ ಗ್ರಾಮ ಲೆಕ್ಕಿಗರು ಬಂದರು. ಪರಂಪರೆಯ ಬಲದಿಂದ ನಡೆಯುವ ಅಧಿಕಾರ ಕಾನೂನಿನ ಬಲದ ಅಧಿಕಾರವಾಗಿ ಹೊರಳುತ್ತದೆ ಎಂದು ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್ ಹೇಳುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮ್ಮ ಪಠ್ಯಗಳಲ್ಲಿ ಯಾಕಿಲ್ಲವೋ ಗೊತ್ತಿಲ್ಲ. ಆದರೆ ಹೊರಳಿದ್ದು ಅರ್ಧ. ಬರೆಯುವವರು ಬದಲಾದರೂ ಪುಸ್ತಕ ಒಬ್ಬರ ಕೈಯಲ್ಲೇ ಉಳಿಯಿತು. ಆಗ ರಾಜ್ಯದಲ್ಲಿ ಸುಮಾರು 9,000 ಲೆಕ್ಕಿಗರು, ಒಬ್ಬೊಬ್ಬರಿಗೆ ಮೂರು ನಾಲ್ಕು ಹಳ್ಳಿ. ಪಹಣಿಗೆ ಸರ್ಕಾರಿ ಶುಲ್ಕ 2 ರೂಪಾಯಿ. ಆದರೆ ಲೆಕ್ಕಿಗರು ಯಾವತ್ತು ಸಿಗುತ್ತಾರೆ, ಸಿಕ್ಕರೆ ಏನು ಕೇಳುತ್ತಾರೆ ಎಂಬುದಕ್ಕೆ ದರಪಟ್ಟಿ ಇರಲಿಲ್ಲ.

ಮದ್ದೂರು ತಾಲ್ಲೂಕಿನಲ್ಲಿ ಪ್ರಯೋಗವಾಗಿ ಆರಂಭವಾದ ಭೂಮಿ, 2000ದ ಆಚೀಚೆ ರಾಜ್ಯದ ತಾಲ್ಲೂಕುಗಳಿಗೆಲ್ಲ ಹಬ್ಬಿತು. ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳು ಕಂಪ್ಯೂಟರಿಗೆ ಹೋದವು. ಪ್ರತಿಯೊಂದಕ್ಕೆ ಆಗ 15 ರೂಪಾಯಿ. ಎರಡು ರೂಪಾಯಿಯ ಕಾಗದಕ್ಕೆ ಹದಿನೈದು ಕೊಡುವುದೇ ಎಂದು ಜನ ಗೊಣಗಲಿಲ್ಲ, ಯಾಕೆಂದರೆ ಹಳೆಯ ಎರಡು ರೂಪಾಯಿ ಎಂದೂ ಎರಡು ರೂಪಾಯಿಯಾಗಿರಲಿಲ್ಲ. ಬೆಂಗಳೂರಿನ ಪಬ್ಲಿಕ್ ಅಫೇರ್ಸ್ ಸೆಂಟರ್ ಆ ಹೊತ್ತಿನಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಹಳೆಯ ಪದ್ಧತಿಯಲ್ಲಿ ಲಂಚ ಕೊಟ್ಟೆವು ಎಂದವರು ಮೂರರಲ್ಲಿ ಎರಡು ಪಾಲು, ಭೂಮಿ ಕಿಯಾಸ್ಕ್‌ನಲ್ಲಿ (ಪಹಣಿ ಕೊಡುವ ಕಂಪ್ಯೂಟರ್ ಕಿಟಕಿ) ಕೊಟ್ಟೆವು ಎಂದವರು ಶೇ. 3.

ಸಂಸ್ಥೆಗಳ ಬದಲಾವಣೆಗೆ ಮನಶ್ಶಾಸ್ತ್ರಜ್ಞ ಕುರ್ಟ್ ಲೆವಿನ್ 1947ರಲ್ಲಿ ಮೂರು ಹಂತ ಹೇಳಿದ: ಹೆಪ್ಪುಗಟ್ಟಿದ್ದನ್ನು ಕರಗಿಸುವುದು, ಬದಲಿಸುವುದು, ಮತ್ತೆ ಹೆಪ್ಪುಗಟ್ಟಿಸುವುದು. ನಮ್ಮಲ್ಲಿ ಬಹುಪಾಲು ಗಣಕೀಕರಣ ಯೋಜನೆಗಳು ಸಾಯುವುದು ಮೂರನೆಯ ಹಂತದಲ್ಲಿ. ಕಂಪ್ಯೂಟರ್ ಬರುತ್ತದೆ, ಹಳೆಯ ರಿಜಿಸ್ಟರೂ ಪಕ್ಕದಲ್ಲೇ ಇರುತ್ತದೆ, ಆರು ತಿಂಗಳಲ್ಲಿ ಎಲ್ಲರೂ ರಿಜಿಸ್ಟರಿಗೇ ವಾಪಸ್. ಭೂಮಿ ಗೆದ್ದದ್ದು ಇಲ್ಲೇ. ಒಂದು ತಾಲ್ಲೂಕಿನ ದತ್ತಾಂಶ ಸಿದ್ಧವಾದ ಕೂಡಲೇ ಅಲ್ಲಿ ಕೈಬರಹದ ಪಹಣಿ ಕಾನೂನುಬಾಹಿರ ಎಂದು ಅಧಿಸೂಚನೆ ಹೊರಡಿಸಿದರು. ಬ್ಯಾಂಕಿಗೆ ಅದು ಬೇಡ, ಕೋರ್ಟಿಗೂ ಬೇಡ. ವಾಪಸ್ ಹೋಗುವ ದಾರಿಯನ್ನೇ ಮುಚ್ಚಿದರು.

ವಿನ್ಯಾಸದಲ್ಲಿ ಇನ್ನೂ ಮೂರು ಸಣ್ಣ ಜಾಣತನಗಳಿವೆ. ಒಂದು, ಪಾಸ್‌ವರ್ಡ್ ಬದಲು ಬೆರಳಚ್ಚಿನ ಲಾಗಿನ್. ‘ನನ್ನ ಪಾಸ್‌ವರ್ಡ್ ಬೇರೆ ಯಾರೋ ಬಳಸಿದರು’ ಎಂದು ನುಣುಚಿಕೊಳ್ಳಲು ಆಗುವುದಿಲ್ಲ. ಎರಡು, ಹಕ್ಕು ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ತೆಗೆದುಕೊಳ್ಳಬೇಕು. ನಡುವೆ ಒಂದನ್ನು ಎತ್ತಿಕೊಳ್ಳಲು ತಂತ್ರಾಂಶ ಬಿಡುವುದಿಲ್ಲ. ಮೂರು, ಕಿಯಾಸ್ಕ್‌ನಲ್ಲಿ ಗ್ರಾಹಕರ ಕಡೆಗೆ ತಿರುಗಿಸಿಟ್ಟ ಎರಡನೆಯ ಪರದೆ. ನಮ್ಮ ಲೆಕ್ಕದಲ್ಲಿ ಮೂರನೆಯದೇ ದೊಡ್ಡದು. ಒಳಗೆ ಏನು ಬರೆಯುತ್ತಿದ್ದಾರೆಂದು ರೈತರು ಕಣ್ಣಾರೆ ಕಂಡದ್ದು ಅದೇ ಮೊದಲು.

ಹೊಸ ವಸ್ತು, ವಿಚಾರ ಜನರಲ್ಲಿ ಹೇಗೆ ಹರಡುತ್ತದೆ ಎಂದು ಹೇಳುವ ಎವರೆಟ್ ರೋಜರ್ಸ್‌ನ ನಾವೀನ್ಯ ಪ್ರಸರಣ ಸಿದ್ಧಾಂತವನ್ನು ಇಲ್ಲಿಗೆ ಅಂಟಿಸುವವರಿದ್ದಾರೆ: ಶೇ. 2.5 ಹೊಸತನಿಗರು, ಶೇ. 13.5 ಬೇಗ ಒಪ್ಪುವವರು, ಮುಂದೆ ಶೇ. 34, ಮತ್ತೆ ಶೇ. 34, ಕೊನೆಯ ಶೇ. 16 ಹಿಂದುಳಿಯುವವರು. ಮೊಬೈಲ್ ಫೋನಿಗೆ, ಹೈಬ್ರಿಡ್ ಜೋಳಕ್ಕೆ ಈ ವಕ್ರರೇಖೆ ಸರಿ. ಭೂಮಿಗೆ ಹೊಂದುವುದಿಲ್ಲ. ಇಲ್ಲಿ ಯಾರೂ ಒಪ್ಪಿ ಬಂದವರಲ್ಲ, ಬೇರೆ ದಾರಿ ಇಲ್ಲದೆ ಬಂದವರು. ವ್ಯಕ್ತಿ ತಾನಾಗಿ ಆರಿಸುವುದು, ಗುಂಪು ಕೂಡಿ ತೀರ್ಮಾನಿಸುವುದು, ಮೇಲಿನವರು ತೀರ್ಮಾನಿಸುವುದು ಎಂದು ರೋಜರ್ಸ್‌ನೇ ಬೇರೆ ಬೇರೆ ಬಗೆ ಗುರುತಿಸಿದ್ದಾನೆ. ಭೂಮಿ ಕೊನೆಯ ಬಗೆಯದು. ಅಂಥದ್ದು ಬೇಗ ಹರಡುತ್ತದೆ, ಆದರೆ ಬಳಸುವವರಿಗೆ ಅದರ ಒಳಮರ್ಮ ತಿಳಿದಿರುವುದಿಲ್ಲ. ನಾಡಕಚೇರಿಗಳ ಎದುರಿನ ಜೆರಾಕ್ಸ್ ಅಂಗಡಿಗಳು ಇವತ್ತಿಗೂ ಅರ್ಜಿ ತುಂಬಿಕೊಟ್ಟು ದುಡಿಯುತ್ತಿರುವುದು ಇದರಿಂದಲೇ. ಲೆಕ್ಕಿಗರ ಕೈಯಿಂದ ಜಾರಿದ ಮಧ್ಯವರ್ತಿತನ ರಸ್ತೆ ದಾಟಿ ಆ ಕಡೆ ಕೂತಿದೆ.

ಪ್ರತಿ ತೆಗೆಯುವುದು

ಆನ್‌ಲೈನ್‌ನಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಆರಿಸಿ ಸರ್ವೆ ನಂಬರ್ ಹಾಕಬೇಕು. ಆಮೇಲೆ ‘ಸರ್ನಾಕ್’ ಎಂಬ ಪಟ್ಟಿ ಬರುತ್ತದೆ. ಹೊಸಬರು ಕಂಗೆಡುವುದು ಇಲ್ಲಿ. ಬಹುತೇಕ ಹಳ್ಳಿಗಳಲ್ಲಿ ಅದರಲ್ಲಿರುವುದು ಒಂದು ನಕ್ಷತ್ರ ಚಿಹ್ನೆ ಮಾತ್ರ, ಅದನ್ನೇ ಆರಿಸಿ. ನಂತರ ಹಿಸ್ಸಾ (ಸರ್ವೆ ನಂಬರಿನ ಉಪಭಾಗ), ಅವಧಿ, ವರ್ಷ. ಪರದೆಯ ಮೇಲೆ ನೋಡುವುದಕ್ಕೆ ದುಡ್ಡಿಲ್ಲ, ಆದರೆ ಅದು ಮಾಹಿತಿಗಷ್ಟೇ. ಬ್ಯಾಂಕು, ಕೋರ್ಟು, ನೋಂದಣಿಗೆ ಬೇಕಾದದ್ದು ಶುಲ್ಕ ಕಟ್ಟಿ ಪಡೆಯುವ ಡಿಜಿಟಲ್ ಸಹಿಯ ಪ್ರತಿ. ನಾಡಕಚೇರಿಯಲ್ಲೂ ಸಿಗುತ್ತದೆ. ಸರ್ವೆ ನಂಬರ್ ಮರೆತವರು ದಿಶಾಂಕ್ ಆ್ಯಪ್ ತೆರೆದು ಹೊಲದಲ್ಲಿ ನಿಂತರೆ ಕಾಲಡಿಯ ನಂಬರ್ ತೋರಿಸುತ್ತದೆ. ಬದುವಿನ ಹತ್ತಿರ ನಿಂತರೆ ಪಕ್ಕದ ನಂಬರ್ ತೋರಿಸಬಹುದು, ಹೊಲದ ನಡುವೆ ಹೋಗಿ ನೋಡಿ. ಗಡಿ ಜಗಳಕ್ಕೆ ಈ ಆ್ಯಪ್ ಪುರಾವೆ ಅಲ್ಲ.

ಒಂದೇ ವರ್ಷದ ಪಹಣಿ ತೆಗೆದು ಸುಮ್ಮನಾಗಬೇಡಿ. ಹಳೆಯ ವರ್ಷಗಳದ್ದನ್ನೂ ಜೊತೆಗಿಟ್ಟು ನೋಡಿದರೆ ಹೆಸರು ಯಾವ ವರ್ಷ, ಯಾವ ಎಂ.ಆರ್. (ಹಕ್ಕು ಬದಲಾವಣೆ ರಿಜಿಸ್ಟರ್) ನಂಬರಿನಿಂದ ಬದಲಾಯಿತು ಎಂಬುದು ಕಾಲಂ 10ರಲ್ಲಿ ಸಿಗುತ್ತದೆ. ಕಾಲಂ 11ರಲ್ಲಿ ಸಾಲ, ತಕರಾರು, ತಡೆಯಾಜ್ಞೆ. ಬ್ಯಾಂಕ್ ಸಾಲ ತೀರಿಸಿದ ಮೇಲೂ ಬೋಜಾ, ಅಂದರೆ ಸಾಲದ ನಮೂದು, ಅಲ್ಲೇ ಉಳಿದಿರುವುದು ತೀರಾ ಸಾಮಾನ್ಯ. ಬ್ಯಾಂಕ್ ಬಿಡುಗಡೆ ಕಳಿಸದೆ ಕಂದಾಯ ಇಲಾಖೆ ಅದನ್ನು ತೆಗೆಯುವುದಿಲ್ಲ.

ಕಾಲಂ 3 ಮತ್ತು 9ರ ತಗಾದೆ

ಇದೊಂದನ್ನು ನಿಧಾನವಾಗಿ ನೋಡಬೇಕು, ಯಾಕೆಂದರೆ ಪಹಣಿ ತಿದ್ದುಪಡಿಗೆ ಬರುವ ಅರ್ಜಿಗಳಲ್ಲಿ ಇದರ ಪಾಲು ದೊಡ್ಡದು. ಕಾಲಂ 3ರಲ್ಲಿ ಸರ್ವೆ ಇಲಾಖೆಯ ಆಕಾರಬಂದ್ (ವಿಸ್ತೀರ್ಣ, ಕಂದಾಯದ ಮೂಲ ಪಟ್ಟಿ) ಪ್ರಕಾರದ ವಿಸ್ತೀರ್ಣ. ಕಾಲಂ 9ರಲ್ಲಿ ಮಾಲೀಕರ ಹೆಸರು, ಅವರವರ ಪಾಲು. ಎರಡೂ ತಾಳೆಯಾಗಬೇಕು.

ಒಂದು ಸರ್ವೆ ನಂಬರ್ ಒಟ್ಟು 4 ಎಕರೆ 20 ಗುಂಟೆ ಎಂದಿಟ್ಟುಕೊಳ್ಳಿ. ಅದರಲ್ಲಿ ಬಂಡೆ, ಹಳ್ಳ ಎಂದು 10 ಗುಂಟೆ ಖರಾಬು, ಅಂದರೆ ಸಾಗುವಳಿಗೆ ಬಾರದ ಜಾಗ. ಉಳಿದದ್ದು 4 ಎಕರೆ 10 ಗುಂಟೆ. ಮೂವರು ಅಣ್ಣತಮ್ಮಂದಿರು ಪಂಚಾಯಿತಿ ಪಾಲು ಮಾಡಿಕೊಳ್ಳುವಾಗ ಖರಾಬನ್ನು ಮರೆತು ತಲಾ 1 ಎಕರೆ 20 ಗುಂಟೆ ಎಂದು ಬರೆಸಿದರು. ಮೂರನ್ನೂ ಕೂಡಿದರೆ 4 ಎಕರೆ 20 ಗುಂಟೆ. ಕಾಲಂ 9ರಲ್ಲಿ ಇಲ್ಲದ 10 ಗುಂಟೆ ಹುಟ್ಟಿತು. ಕೈಬರಹದ ಕಾಲದಲ್ಲಿ ಇದನ್ನು ಯಾರೂ ಕೂಡಿ ನೋಡುತ್ತಿರಲಿಲ್ಲ. ಕಂಪ್ಯೂಟರ್ ಕೂಡುತ್ತದೆ, ತಾಳೆಯಾಗದಿದ್ದರೆ ಮುಂದಿನ ವ್ಯವಹಾರ ನಿಲ್ಲುತ್ತದೆ. ಮೂವರಲ್ಲಿ ಯಾರ ಗುಂಟೆ ಕಡಿಮೆ ಮಾಡುವುದು? ಇದಕ್ಕೆ ತಂತ್ರಾಂಶ ಉತ್ತರ ಕೊಡಲಾರದು. ಮೂವರೂ ಒಪ್ಪಿ ಸಹಿ ಹಾಕಬೇಕು. ಅಷ್ಟರಲ್ಲಿ ಒಬ್ಬರು ತೀರಿಕೊಂಡಿರುತ್ತಾರೆ, ಇನ್ನೊಬ್ಬರು ಮಾತು ಬಿಟ್ಟಿರುತ್ತಾರೆ.

ದತ್ತಾಂಶ ನಮೂದಿಸುವಾಗಿನ ತಪ್ಪುಗಳು ಬೇರೆ. ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ. ಒಂದೂವರೆ ಎಕರೆ ಎಂದರೆ 1-20. ಇದನ್ನು ದಶಮಾಂಶವೆಂದು ತಿಳಿದು 1.50 ಎಂದು ಬರೆದಲ್ಲೆಲ್ಲ ಗೊಂದಲ. ಹೆಸರುಗಳಲ್ಲಿ ‘ಬಿನ್’ (ಇಂಥವರ ಮಗ) ಇದ್ದಲ್ಲಿ ‘ಕೋಂ’ (ಇಂಥವರ ಹೆಂಡತಿ), ತಂದೆಯ ಹೆಸರಿನ ಜಾಗದಲ್ಲಿ ಊರಿನ ಹೆಸರು. ಅಚ್ಚಾದ ಪ್ರತಿಯನ್ನು ಮೂಲದೊಂದಿಗೆ ತಾಳೆ ನೋಡಿ ಸಹಿ ಹಾಕಿದವರು ಅದೇ ಗ್ರಾಮ ಲೆಕ್ಕಿಗರು. ಮೂಲವೇ ತಪ್ಪಿದ್ದರೆ ಆ ತಪ್ಪಿಗೂ ಕಂಪ್ಯೂಟರಿನ ಅಚ್ಚುಕಟ್ಟು ಬಂತು. ಹಳೆಯ ಕೈಬರಹದ ತಪ್ಪನ್ನು ಊರಿನಲ್ಲಿ ಎಲ್ಲರೂ ತಪ್ಪೆಂದೇ ಬಲ್ಲವರಾಗಿದ್ದರು. ಅಚ್ಚಾದ ತಪ್ಪನ್ನು ಬ್ಯಾಂಕ್ ಮ್ಯಾನೇಜರ್ ಸರಿ ಎಂದೇ ನಂಬುತ್ತಾರೆ. ಕಂದಾಯ ಕಾಯ್ದೆಯ ಕಲಂ 133ರ ಪ್ರಕಾರ ಕಾನೂನೂ ಹಾಗೆಯೇ ನಂಬುತ್ತದೆ: ಬೇರೆಯದು ರುಜುವಾತಾಗುವವರೆಗೆ ಪಹಣಿಯ ನಮೂದು ನಿಜ. ಹಾಗೆಂದು ಪಹಣಿಯೇ ಮಾಲೀಕತ್ವದ ಪತ್ರವಾಗುವುದಿಲ್ಲ. ಅದು ಕಂದಾಯದ ದಾಖಲೆ, ಹಕ್ಕು ಕೊಡುವುದು ಕ್ರಯಪತ್ರ, ವಿಭಾಗಪತ್ರ, ಮಂಜೂರಾತಿ ಆದೇಶ. ಜಮೀನು ಕೊಳ್ಳುವವರು ಮರೆಯುವುದು ಇದನ್ನೇ.

ಪೌತಿ ಖಾತೆ: ಸೇವೆ ನಿಲ್ಲುವ ಜಾಗ

ಕ್ರಯವಾದರೆ ಖಾತೆ ಬದಲಾವಣೆ ತೊಡಕಿಲ್ಲ. ಉಪನೋಂದಣಿ ಕಚೇರಿಯಿಂದ ಭೂಮಿಗೆ ಮಾಹಿತಿ ತಾನಾಗಿ ಹೋಗುತ್ತದೆ, ನೋಟಿಸ್ ಹೊರಡುತ್ತದೆ, ತಕರಾರು ಬರದಿದ್ದರೆ ಮಂಜೂರು. ಕಾಯ್ದೆಯ ಮೂಲ ಅವಧಿ 30 ದಿನ. ನೋಂದಾಯಿತ ವ್ಯವಹಾರಗಳಿಗೆ ಆಮೇಲೆ ಅದನ್ನೂ ಇಳಿಸಿದ್ದಾರೆ. ಸರ್ವೆ ನಂಬರಿನ ಒಂದು ಭಾಗ ಮಾರುವುದಾದರೆ ಮೊದಲು ಆ ಭಾಗವನ್ನು ಅಳೆದು ತೋರಿಸುವ 11ಇ ನಕ್ಷೆ ಮಾಡಿಸಬೇಕು, ಅದಿಲ್ಲದೆ ನೋಂದಣಿ ಇಲ್ಲ. ಇಷ್ಟಕ್ಕೆ ಹತ್ತಕ್ಕೆ ಏಳು ಅಂಕ ಧಾರಾಳವಾಗಿ ಕೊಡಬಹುದು.

ಸತ್ತವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬರುವ ಪೌತಿ ಖಾತೆಗೆ ಬೇಕಾದದ್ದೂ ಹೇಳಿಕೊಳ್ಳುವಷ್ಟಿಲ್ಲ: ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ, ಪಹಣಿ, ವಾರಸುದಾರರ ಆಧಾರ್. ಆದರೂ ಅಜ್ಜನ ಹೆಸರಿನಲ್ಲೇ ಉಳಿದಿರುವ ಪಹಣಿಗಳು ಊರೂರಲ್ಲಿ ಇವೆ. ಅಜ್ಜ ತೀರಿಕೊಂಡಾಗ ಮರಣ ನೋಂದಣಿ ಆಗಿರುವುದಿಲ್ಲ. ವರ್ಷ ಮೀರಿದ ಮೇಲೆ ಅದಕ್ಕೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. ಇದು ಕಾಗದದ ತೊಡಕು, ಹೇಗೋ ಬಗೆಹರಿಯುತ್ತದೆ. ಬಗೆಹರಿಯದ ತೊಡಕು ವಂಶವೃಕ್ಷದ್ದು. ಅದರಲ್ಲಿ ಹೆಣ್ಣುಮಕ್ಕಳ ಹೆಸರು ಬರಬೇಕು.

ಸಮಾಜಶಾಸ್ತ್ರಜ್ಞ ವಿಲಿಯಂ ಆಗ್‌ಬರ್ನ್ 1922ರಲ್ಲಿ ಸಾಂಸ್ಕೃತಿಕ ಹಿಂಬೀಳುವಿಕೆ ಎಂಬ ಸಿದ್ಧಾಂತ ಮಂಡಿಸಿದ. ಯಂತ್ರ, ಉಪಕರಣಗಳಂಥ ಭೌತಿಕ ಸಂಸ್ಕೃತಿ ಬೇಗ ಓಡುತ್ತದೆ. ಕಾನೂನು, ಕುಟುಂಬ, ನಂಬಿಕೆ ಹಿಂದೆ ಬೀಳುತ್ತವೆ ಎಂಬುದು ಸಾರ. ಪಹಣಿಯಲ್ಲಿ ನೋಡಿದರೆ ಆತ ಹೇಳಿದ್ದು ಅರ್ಧ ಸರಿ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲು ಕೊಟ್ಟ ಕರ್ನಾಟಕದ ತಿದ್ದುಪಡಿ ಬಂದದ್ದು 1994ರಲ್ಲಿ, ಭೂಮಿ ಕಿಯಾಸ್ಕ್‌ಗಿಂತ ಮೊದಲೇ. ಕೇಂದ್ರದ ತಿದ್ದುಪಡಿ 2005ರಲ್ಲಿ. ಆ ವರ್ಷದ ಸೆಪ್ಟೆಂಬರ್ 9ರಂದು ತಂದೆ ಬದುಕಿರಬೇಕಿಲ್ಲ, ಮಗಳ ಹಕ್ಕು ಹುಟ್ಟಿನಿಂದಲೇ ಬಂದದ್ದು ಎಂದು ಸುಪ್ರೀಂ ಕೋರ್ಟ್ ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿದ್ದು 2020ರ ಆಗಸ್ಟ್ 11ರಂದು. ಅಂದರೆ ಇಲ್ಲಿ ಕಾನೂನು ಯಂತ್ರಕ್ಕಿಂತ ಮುಂದೆ ಓಡಿದೆ. ಹಿಂದೆ ಬಿದ್ದಿರುವುದು ಮನೆ.

‘ಮದುವೆ ಮಾಡಿ ಕೊಟ್ಟಿದ್ದೇವಲ್ಲ’ ಎಂಬ ಮಾತು ಯಾವ ಅರ್ಜಿ ನಮೂನೆಯಲ್ಲೂ ಇಲ್ಲ, ಆದರೆ ಅನೇಕ ಪೌತಿ ಅರ್ಜಿಗಳು ನಿಂತಿರುವುದು ಅದರ ಮೇಲೆ. ಅಕ್ಕತಂಗಿಯರ ಹೆಸರು ಸೇರಿಸಿದರೆ ಜಂಟಿ ಖಾತೆ, ಆಮೇಲೆ ಮಾರಲು ಎಲ್ಲರ ಸಹಿ. ಬಿಟ್ಟರೆ ನಾಳೆ ತಕರಾರು. ಹಾಗಾಗಿ ಎರಡೂ ಬೇಡ, ಅಪ್ಪನ ಹೆಸರಲ್ಲೇ ಇರಲಿ ಎಂದು ಅಣ್ಣತಮ್ಮಂದಿರು ಸುಮ್ಮನಾಗುತ್ತಾರೆ. ಸಹೋದರಿಯರು ನಿಜಕ್ಕೂ ಪಾಲು ಬಿಡುವುದಾದರೆ ಬಿಳಿ ಹಾಳೆಯ ಮೇಲೆ ಬರೆಸಿಕೊಂಡ ಒಪ್ಪಿಗೆ ನಡೆಯುವುದಿಲ್ಲ, ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಬೇಕು. ಹೆಸರು ಸೇರಿಸುವುದಾದರೆ ಮುಂಚೆಯೇ ಒಂದು ಎಚ್ಚರ: ಶಾಲೆಯ ದಾಖಲೆಯಲ್ಲಿ ತಂದೆಯ ಹೆಸರಿನೊಂದಿಗೆ, ಆಧಾರ್‌ನಲ್ಲಿ ಗಂಡನ ಹೆಸರಿನೊಂದಿಗೆ, ತವರಿನಲ್ಲಿ ಕರೆಯುವುದೇ ಬೇರೆ ಹೆಸರಿನಿಂದ. ವಂಶವೃಕ್ಷ ಬರೆಸುವಾಗಲೇ ಆಧಾರ್‌ನಲ್ಲಿರುವಂತೆ ಬರೆಸಿ. ಪಹಣಿಗೆ ಆಧಾರ್ ಜೋಡಿಸುವ ಅಭಿಯಾನದಲ್ಲಿ ಅನೇಕ ಹೆಸರುಗಳು ಸಿಕ್ಕಿಬಿದ್ದದ್ದು ಈ ಅಕ್ಷರ ವ್ಯತ್ಯಾಸದಲ್ಲೇ.

ಸಂಘರ್ಷದ ಮಾತು

ಪರಿವರ್ತನೆಗೆ ಮೂಲ ಸಂಘರ್ಷ ಎನ್ನುವ ಮಾರ್ಕ್ಸ್‌ವಾದಿ ಓದಿಗೆ ಭೂಮಿ ಸೇವೆ ಅಷ್ಟಾಗಿ ರುಚಿಸುವುದಿಲ್ಲ, ಅದಕ್ಕೆ ಕಾರಣವೂ ಇದೆ. ಕಾಲಂ 9ರಲ್ಲಿ ದೊಡ್ಡ ಮಟ್ಟದಲ್ಲಿ ಹೆಸರು ಬದಲಾದದ್ದು ಕಂಪ್ಯೂಟರಿನಿಂದಲ್ಲ, 1974ರ ಭೂಸುಧಾರಣಾ ತಿದ್ದುಪಡಿಯಿಂದ. ದೇವರಾಜ ಅರಸು ಸರ್ಕಾರದ ಆ ಕಾಯ್ದೆಯಡಿ ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಹಾಕಿದರು, ಭೂ ನ್ಯಾಯಮಂಡಳಿಗಳು ತೀರ್ಪು ಕೊಟ್ಟವು, ಉಳುವವರು ಒಡೆಯರಾದರು. ಗೇಣಿಯೇ ಇಲ್ಲದ ಕೂಲಿಯವರಿಗೆ ಅದರಿಂದ ದಕ್ಕಿದ್ದು ಕಡಿಮೆ. ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸರು ಮೈಸೂರು ಸೀಮೆಯ ಹಳ್ಳಿ ನೋಡಿ ಗುರುತಿಸಿದ, ಸಂಖ್ಯೆ ಮತ್ತು ಜಮೀನಿನಲ್ಲಿ ಬಲವಿರುವ ‘ಪ್ರಬಲ ಜಾತಿ’ಯ ಲೆಕ್ಕ ಆಮೇಲೂ ತಲೆಕೆಳಗಾಗಲಿಲ್ಲ. ಭೂಮಿ ಯೋಜನೆ ಈ ಹಂಚಿಕೆಯನ್ನು ಮುಟ್ಟಲಿಲ್ಲ. ಇದ್ದದ್ದನ್ನು ಸ್ಪಷ್ಟವಾಗಿ ಅಚ್ಚು ಹಾಕಿತು. ಸ್ಪಷ್ಟವಾದ ದಾಖಲೆ ದೂರದ ಕೊಳ್ಳುವವರಿಗೂ ಅನುಕೂಲ, ಬೆಂಗಳೂರು ಸುತ್ತ ದೊಡ್ಡ ಹಿಡುವಳಿ ಹುಡುಕುವವರಿಗೆ ಅದರಿಂದ ಹಾದಿ ಸಲೀಸಾಯಿತು ಎಂಬ ಟೀಕೆ ಮೊದಲ ವರ್ಷಗಳಿಂದಲೇ ಇದೆ. ನಮಗೆ ಅದು ತಳ್ಳಿಹಾಕುವ ಮಾತಾಗಿ ಕಾಣುವುದಿಲ್ಲ.

ಕೊಳ್ಳುವವರು ಕಡ್ಡಾಯವಾಗಿ ನೋಡಬೇಕಾದ ಇನ್ನೊಂದು ಸಂಗತಿ: ಜಮೀನು ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ್ದೇ? ಹಾಗಿದ್ದರೆ 1978ರ ಪಿ.ಟಿ.ಸಿ.ಎಲ್. (ಇಂಥ ಜಮೀನುಗಳ ಪರಭಾರೆ ನಿಷೇಧ) ಕಾಯ್ದೆ ಅನ್ವಯ ಸರ್ಕಾರದ ಅನುಮತಿ ಇಲ್ಲದ ಕ್ರಯ ಊರ್ಜಿತವಲ್ಲ. ಈಗಿನ ಪಹಣಿಯಲ್ಲಿ ಅದರ ಸುಳಿವೇ ಇಲ್ಲದಿರಬಹುದು. ಮೂಲ ಮಂಜೂರಾತಿ ಕಡತ ನೋಡದೆ ಮುಂಗಡ ಕೊಡಬೇಡಿ.

ತಿದ್ದುಪಡಿಗೆ ಹೋಗುವವರಿಗೆ

ಮೊದಲು ತಪ್ಪು ಎಲ್ಲಿ ಹುಟ್ಟಿತು ಎಂದು ಗೊತ್ತುಮಾಡಿಕೊಳ್ಳಿ. ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಿಂದ ಕೈಬರಹದ ಪಹಣಿ, ಸಂಬಂಧಪಟ್ಟ ಎಂ.ಆರ್., ಐ.ಎಲ್-ಆರ್.ಆರ್. (ಜಮೀನು ಸೂಚಿ ಮತ್ತು ಹಕ್ಕು ದಾಖಲೆ) ಪುಸ್ತಕದ ದೃಢೀಕೃತ ಪ್ರತಿ ತೆಗೆಸಿ. ಸರ್ವೆ ಇಲಾಖೆಯಿಂದ ಆಕಾರಬಂದ್, ಟಿಪ್ಪಣಿ (ಅಳತೆಯ ಮೂಲ ದಾಖಲೆ). ಕೈಬರಹದಲ್ಲಿ ಸರಿ ಇದ್ದು ಕಂಪ್ಯೂಟರಿನಲ್ಲಿ ತಪ್ಪಿದ್ದರೆ ತಹಶೀಲ್ದಾರರಿಗೆ ಅರ್ಜಿ ಕೊಟ್ಟರೆ ಸಾಕು. ಎಂ.ಆರ್. ಆದೇಶವೇ ತಪ್ಪೆಂದು ವಾದಿಸುವುದಾದರೆ ದಾರಿ ಬೇರೆ: ಕಲಂ 136(2)ರಡಿ ಉಪವಿಭಾಗಾಧಿಕಾರಿಗೆ ಮೇಲ್ಮನವಿ, ಅಲ್ಲಿಂದ 136(3)ರಡಿ ಜಿಲ್ಲಾಧಿಕಾರಿ. ಮಾಲೀಕತ್ವದ್ದೇ ಜಗಳವಾದರೆ ಇವರಿಬ್ಬರೂ ಸಿವಿಲ್ ಕೋರ್ಟಿನ ಬಾಗಿಲು ತೋರಿಸುತ್ತಾರೆ. ಯಾವ ದಾರಿ ಎಂದು ತಿಳಿಯದೆ ಎಲ್ಲವನ್ನೂ ತಹಶೀಲ್ದಾರರ ಟಪಾಲಿಗೆ ಹಾಕಿ ವರ್ಷಗಟ್ಟಲೆ ಕಾಯುವವರೇ ಹೆಚ್ಚು. ಅರ್ಜಿಯ ಸ್ವೀಕೃತಿ ಬಿಡದೆ ಕೇಳಿ ಪಡೆಯಿರಿ. ಪ್ರತಿ ಕೊಡುವ ಕಿಟಕಿಯಲ್ಲಿರುವ ಶಿಸ್ತು ತಿದ್ದುಪಡಿಯ ಮೇಜಿನಲ್ಲಿ ಇಲ್ಲ. ಮೂರು ಅಂಕ ಅದಕ್ಕೇ.

ಎಲ್ಲಕ್ಕಿಂತ ಕಗ್ಗಂಟು ‘ಪಿ’ ನಂಬರ್. ದೊಡ್ಡ ಸರ್ಕಾರಿ ಸರ್ವೆ ನಂಬರಿನಲ್ಲಿ ಹತ್ತಾರು ಜನರಿಗೆ ಮಂಜೂರಾಗಿ, ಪಹಣಿಯಲ್ಲಿ ‘ಪಿ1’, ‘ಪಿ2’ ಎಂದು ಬಂದಿರುತ್ತದೆ. ನಕ್ಷೆಯಲ್ಲಿ ಗೆರೆ ಬಿದ್ದಿರುವುದಿಲ್ಲ. ಮಂಜೂರಾದ ಎಕರೆಗಳನ್ನು ಕೂಡಿದರೆ ಕೆಲವೆಡೆ ಆ ನಂಬರಿನಲ್ಲಿರುವ ಜಮೀನಿಗಿಂತ ಹೆಚ್ಚಾಗುತ್ತದೆ. ಮಂಜೂರಾದ ಜಮೀನುಗಳನ್ನು ಅಳೆದು ಬೇರ್ಪಡಿಸುವ ದರಖಾಸ್ತು ಪೋಡಿಗೆ ನಮೂನೆ 1ರಿಂದ 5 ಕಂದಾಯ ಇಲಾಖೆ ತುಂಬಬೇಕು, 6ರಿಂದ 10 ಸರ್ವೆ ಇಲಾಖೆ. ಮೂಲ ಮಂಜೂರಾತಿ ಕಡತ ಸಿಗದಿದ್ದರೆ ಮೊದಲ ಐದರಲ್ಲೇ ಕಡತ ನಿಲ್ಲುತ್ತದೆ. ನಿಮ್ಮದು ಇಂಥ ನಂಬರ್ ಆಗಿದ್ದರೆ ಒಬ್ಬರೇ ಅರ್ಜಿ ಹಾಕಬೇಡಿ. ಆ ಸರ್ವೆ ನಂಬರಿನ ಮಂಜೂರುದಾರರೆಲ್ಲ ಸಾಗುವಳಿ ಚೀಟಿ, ಕಿಮ್ಮತ್ತು ಕಟ್ಟಿದ ರಸೀದಿ ಒಟ್ಟುಗೂಡಿಸಿ, ಇಡೀ ನಂಬರಿಗೆ ಒಂದೇ ಸಲ ಅಳತೆ ಕೇಳಿ. ಒಬ್ಬೊಬ್ಬರಾಗಿ ಹೋದಾಗ ಸಿಗದ ಕಡತ, ಹತ್ತು ಜನರ ಚೀಟಿಗಳ ಆದೇಶ ಸಂಖ್ಯೆ, ದಿನಾಂಕ ಜೋಡಿಸಿ ಕೊಟ್ಟಾಗ ಹುಡುಕಲು ಸುಲಭ.